ತೀರ್ಪುಗಾರರ ವಸಡು

ನಂಜನಗೂಡು ತಾಲ್ಲೂಕಿನಲ್ಲೇ ನನ್ನಷ್ಟು ಶ್ರದ್ಧೆಯಿಂದ ಹಲ್ಲುಜ್ಜುವ ಪ್ರಾಣಿ ಇನ್ನೊಂದಿಲ್ಲ! ಸಾಯುವ ದಿನ ಮೂವತ್ತೆರಡನ್ನೂ ಜೊತೆಗೇ ಕರೆದೊಯ್ಯುತ್ತೇನೆ! ಹೀಗೆಂದು ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಘೋಷಿಸಿದವನು ನಾನು, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಶಂಭುಲಿಂಗಪ್ಪ.

ನನ್ನ ಹಲ್ಲುಪುಡಿ ನನ್ನದೇ ಸಂಶೋಧನೆ. ಇದ್ದಿಲು, ಕಲ್ಲುಪ್ಪು, ಜರಡಿ ಹಿಡಿದ ಇಟ್ಟಿಗೆ ಪುಡಿ. ಅದನ್ನು ತೆಂಗಿನ ನಾರಿಗೆ ಹಚ್ಚಿಕೊಂಡು, ಸೀದ ಪಾತ್ರೆ ತಿಕ್ಕುವ ಹಾಗೆ ಕಾಲು ಗಂಟೆ ತಿಕ್ಕುತ್ತಿದ್ದೆ. ಹಗುರವಾಗಿ ಹಲ್ಲುಜ್ಜುವ ನಾಜೂಕಿನವರನ್ನು ಕಂಡರೆ ನನಗೆ ನಗು ಬರುತ್ತಿತ್ತು.

“ರೀ, ಬಚ್ಚಲೆಲ್ಲ ಕೆಂಪಾಗಿದೆ. ವಸಡಲ್ಲಿ ರಕ್ತ ಬರ್ತಿದೆ ಕಣ್ರೀ. ಮೈಸೂರಿಗೆ ಹೋಗಿ ಡಾಕ್ಟ್ರಿಗೆ ತೋರ್ಸಿ,” ಎಂದಳು ನನ್ನ ಹೆಂಡತಿ ರುದ್ರಾಣಿ.

“ಕೆಟ್ಟ ರಕ್ತ ಆಚೆ ಹೋಗ್ತಿದೆ ಕಣೇ! ಸೈನ್ಸ್ ಮೇಷ್ಟ್ರು ನೀನೋ, ನಾನೋ?”

“ಬಾಯಿ ನಾರೋದೂ ಸೈನ್ಸೇ ಏನ್ರೀ?”

ಇಂಥ ಅಜ್ಞಾನಕ್ಕೆ ಉತ್ತರ ಕೊಡುವುದು ನನ್ನ ಅಂತಸ್ತಿಗೆ ತಕ್ಕುದಲ್ಲ. ಮಾರನೆಯ ದಿನದಿಂದ ಅರ್ಧ ಗಂಟೆ ತಿಕ್ಕತೊಡಗಿದೆ. ರಕ್ತವೂ ಇಮ್ಮಡಿಯಾಯಿತು. ಕೆಲವು ತಿಂಗಳಲ್ಲಿ ಮುಂದಿನ ಹಲ್ಲೊಂದು ನಾನು ಮಾತಾಡಿದಾಗಲೆಲ್ಲ ತಲೆದೂಗಲಾರಂಭಿಸಿತು. ನನ್ನ ಮಾತಿಗೆ ತಲೆದೂಗುವುದು ಇಡೀ ಮನೆಯಲ್ಲಿ ಅದೊಂದೇ ಆದ್ದರಿಂದ ನಾನು ಆಕ್ಷೇಪಿಸಲಿಲ್ಲ!

ಅಷ್ಟರಲ್ಲಿ ತಿರುಮಕೂಡಲು ನರಸೀಪುರದ ಕಡೆಯ ಒಂದು ಪ್ರೈಮರಿ ಶಾಲೆಯಿಂದ ಕರೆ ಬಂತು. ಅಲ್ಲಿನ ಹೆಡ್‌ಮೇಷ್ಟ್ರು ಸಿದ್ದಯ್ಯ ಆರೋಗ್ಯ ದಿನಾಚರಣೆಗೆ ‘ಸ್ವಚ್ಛ ದಂತ ಸ್ಪರ್ಧೆ’ ಏರ್ಪಡಿಸಿದ್ದರು. ತೀರ್ಪುಗಾರ ನಾನು! ಇಸ್ತ್ರಿಯ ಜುಬ್ಬ ತೊಟ್ಟು, ಬಾಯಿಗೆರಡು ಲವಂಗ ಹಾಕಿಕೊಂಡು ಬಸ್ ಹತ್ತಿದೆ.

ಮಕ್ಕಳು ಸಾಲಾಗಿ ಬಂದು ಬಾಯಿ ತೆರೆದರು. ನಾನು ಒಂದನ್ನೂ ಬಿಡಲಿಲ್ಲ.

“ಇದೇನೋ, ಹಲ್ಲೋ ಒಡೆದ ಹೆಂಚೋ?”

“ನಿನ್ನ ಬಾಯಲ್ಲಿ ಅರಿಸಿನ ಬೆಳೆದಿದ್ದೀಯೇನೇ?”

ಕೊನೆಗೆ ಬಂದವಳು ಐದನೇ ಕ್ಲಾಸಿನ ಚಿಕ್ಕಬಸಮ್ಮ. ಸಾಲು ಹಲ್ಲು ಮಲ್ಲಿಗೆಯ ಹಾಗೆ, ವಸಡು ತಿಳಿಗುಲಾಬಿ. ಹೊಟ್ಟೆಯುರಿಯಿತು.

“ಏನ್ ಹಾಕಿ ತಿಕ್ತೀಯಮ್ಮ?”

“ಬೇವಿನ್ ಕಡ್ಡಿ ಸಾ. ಜಗ್ದು ಮೆತ್ಗೆ ಮಾಡ್ಕಂಡು ಮೆಲ್ಲುಕ್ ಉಜ್ತೀನಿ. ಉಂಡ್ಮೇಲೆ ಬಾಯಿ ಮುಕ್ಕುಳಿಸ್ತೀನಿ. ಅಷ್ಟೇಯ.”

“ಮೆಲ್ಲಗೆ! ಹಲ್ಲೇನು ಹಸುಗೂಸೇ, ಲಾಲಿ ಹಾಡೋಕೆ? ಎಲ್ಲ ನೋಡಿ ಇಲ್ಲಿ, ತಿಕ್ಕಿದ ಹಲ್ಲು ಅಂದ್ರೆ ಹೇಗಿರುತ್ತೆ ಅಂತ!”

ಅತಿಥಿಗಳಿಗೆಂದು ಮೇಜಿನ ಮೇಲಿಟ್ಟಿದ್ದ ಸೀಬೆಕಾಯಿಗಳಲ್ಲಿ ಅತ್ಯಂತ ಗಟ್ಟಿಯಾದದ್ದನ್ನು ಆರಿಸಿ, ಸಿಂಹದಂತೆ ಬಾಯಿ ತೆರೆದು ಕಚ್ಚಿದೆ.

ಲಟಕ್!

ಕಾಯಿ ಕೈಗೆ ಬಂತು. ಬಿಳಿಯ ತಿರುಳೆಲ್ಲ ಕೆಂಪಾಗಿತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ಪಾಪ, ಇದೂ ಕಾರ್ಯಕ್ರಮದ ಭಾಗವೆಂದು ತಿಳಿದಿದ್ದರು. ಚಿಕ್ಕಬಸಮ್ಮ ಮಾತ್ರ ಹತ್ತಿರ ಬಂದು ಬಗ್ಗಿ ನೋಡಿ ಕೂಗಿದಳು:

“ಸಾ! ಸೀಬೆಕಾಯ್ಗೆ ನಿಮ್ ಅಲ್ಲು ಬಂದೈತೆ ಸಾ!”

ಮೊದಲ ಬಹುಮಾನ ಯಾರಿಗೆಂದು ಹೇಳಲು ಹೋದೆ. ಬಾಯಿಂದ ಗಾಳಿ ಹೊರಟಿತೇ ಹೊರತು ಹೆಸರು ಹೊರಡಲಿಲ್ಲ. ಚಿಕ್ಕಬಸಮ್ಮನತ್ತ ಬೆರಳು ತೋರಿಸಿದೆ. ರಕ್ತ ಸುರಿದ ಜುಬ್ಬದ ಮುಂಭಾಗ ನೋಡಿ, ವಾಪಸು ಬರುವ ಬಸ್ಸಿನಲ್ಲಿ ಎಲ್ಲರೂ ನನಗೆ ಸೀಟು ಬಿಟ್ಟುಕೊಟ್ಟರು. ಹೊಡೆದಾಟದಲ್ಲಿ ಗೆದ್ದು ಬಂದವನೆಂದುಕೊಂಡಿರಬೇಕು!

ಮರುದಿನ ರುದ್ರಾಣಿಯೇ ಮೈಸೂರಿಗೆ ಎಳೆದೊಯ್ದಳು. ದಂತವೈದ್ಯೆ ನನ್ನ ಬಾಯೊಳಗೆ ಇಣುಕಿ ನಿಟ್ಟುಸಿರಿಟ್ಟರು.

“ಹಲ್ಲಲ್ಲಿ ಒಂದು ಹುಳುಕೂ ಇಲ್ಲ ಮೇಷ್ಟ್ರೇ. ಆದ್ರೆ ವಸಡೇ ಕೆಟ್ಟು ಕೈಬಿಟ್ಟಿದೆ. ಹಲ್ಲಿನ ಬುಡದಲ್ಲಿ ಕಿಟ್ಟ ಕಲ್ಲಾಗಿ ಕೂತಿದೆ, ನೀವು ಮೇಲೆಮೇಲೆ ಗಾಯ ಮಾಡಿದೀರಿ. ರಕ್ತ ಕಂಡಾಗ್ಲೇ ಬಂದಿದ್ರೆ ಎಲ್ಲಾನೂ ಉಳಿಸಬಹುದಿತ್ತು.”

ಕಿಟ್ಟ ಕೆರೆದರು. ಉಳಿಯಲಾರದ ಇನ್ನೆರಡನ್ನು ಕಿತ್ತರು. ಬೆಳಿಗ್ಗೆ, ರಾತ್ರಿ ಮೆದು ಬ್ರಷ್ಷಿನಲ್ಲಿ ಹೇಗೆ ಉಜ್ಜಬೇಕೆಂದು ನನ್ನ ಕೈ ಹಿಡಿದು ಅಕ್ಷರಾಭ್ಯಾಸ ಮಾಡಿಸಿದರು. ಎರಡು ತಿಂಗಳಲ್ಲಿ ರಕ್ತ ನಿಂತಿತು. ಹೋದ ಮೂರು ಹಲ್ಲು ಹೋದವೇ.

ಮರುವರ್ಷ ಸಿದ್ದಯ್ಯನವರ ಕಾಗದ ಬಂತು. ರುದ್ರಾಣಿ ಗಟ್ಟಿಯಾಗಿ ಓದಿದಳು: “ಈ ಬಾರಿಯೂ ತಾವು ದಯಮಾಡಿಸಬೇಕು. ತೀರ್ಪುಗಾರರು ಬೇರೆ ಸಿಕ್ಕಿದ್ದಾರೆ. ತಾವು ವೇದಿಕೆಯ ಮೇಲೆ ಬಾಯಿ ತೆರೆದು ಕುಳಿತರೆ ಸಾಕು, ಮಕ್ಕಳು ಸಾಲಾಗಿ ಬಂದು ನೋಡಿಕೊಂಡು ಹೋಗುತ್ತಾರೆ.”

“ನಾನು ಹೋಗಲ್ಲ!” ಎಂದು ಗರ್ಜಿಸಿದೆ. ಗರ್ಜನೆ ಮೂರು ಕಿಂಡಿಗಳಲ್ಲಿ ಶಿಳ್ಳೆಯಾಗಿ ಹೊರಬಿತ್ತು.

ಅವಳು ಕಾಗದವನ್ನು ಅಚ್ಚುಕಟ್ಟಾಗಿ ಮಡಚಿದಳು.

“ಹೋಗ್ಬನ್ನಿ ಕಣ್ರೀ. ಇಪ್ಪತ್ತು ವರ್ಷದ ಸರ್ವೀಸಲ್ಲಿ ಇದೇ ಮೊದಲ್ನೇ ಸಲ, ನಿಮ್ಮ ಬಾಯಿಂದ ಮಕ್ಕಳು ಏನಾದ್ರೂ ಕಲಿಯೋದು!”