ಚೆಂಡು ಹಿಡಿದು ಓಡುವವನಿಗೆ ಯಾರು ಹೆಣ್ಣು ಕೊಡ್ತಾರ್ರಿ?

ಕೆಲವರ ಹಣೆಯಲ್ಲಿ ಸುಖ ಬರೆದಿರುತ್ತದೆ, ಕೆಲವರ ಹಣೆಯಲ್ಲಿ ಕಷ್ಟ. ನನ್ನ ಹಣೆಯಲ್ಲಿ ಬ್ರಹ್ಮ ಪಜೀತಿ ಅಂತ ಒಂದೇ ಶಬ್ದ ಬರೆದು, ಕೆಳಗೆ ಎರಡು ಗೆರೆ ಎಳೆದು ಕೈ ತೊಳೆದುಕೊಂಡಿದ್ದಾನೆ. ಗಂಗಾವತಿಯಲ್ಲಿ ಹುಟ್ಟಿದವನು ನೆಟ್ಟಗೆ ಅಕ್ಕಿ ವ್ಯಾಪಾರ ಮಾಡಿಕೊಂಡಿರಬೇಕು. ನಾನು ಹೋಗಿ ಹೈದರಾಬಾದಿನ ಒಂದು ತಂಡದಲ್ಲಿ ಸಂಬಳಕ್ಕೆ ಅಮೆರಿಕನ್ ಫುಟ್‌ಬಾಲ್ ಆಡಿದೆ. ಅದರಲ್ಲೂ ರನ್ನಿಂಗ್ ಬ್ಯಾಕ್. ಅಂದರೆ ತೆಂಗಿನಕಾಯಿಯಂಥ ಚೆಂಡನ್ನು ಬಗಲಲ್ಲಿ ಅವುಚಿಕೊಂಡು, ಎದುರಿನ ಹನ್ನೊಂದು ಜನರ ನಡುವೆ ನುಸುಳಿ, ಮೈದಾನದ ಆ ತುದಿಯ ಗೆರೆ ದಾಟುವವನು. ಅವರು ಹಿಡಿದು ಕೆಡವುತ್ತಾರೆ. ಎದ್ದು ಮತ್ತೆ ಓಡಬೇಕು. ಇಷ್ಟೇ ಕೆಲಸ. ಇದನ್ನು ನಮ್ಮ ಕಡೆಯ ಜನಕ್ಕೆ ತಿಳಿಸಿ ಹೇಳುವುದರಲ್ಲಿ ನನ್ನ ಮದುವೆಯೇ ನಿಂತುಹೋಗುವುದಿತ್ತು.

ಬಸ್‌ಸ್ಟ್ಯಾಂಡಿನ ಪರೀಕ್ಷೆ

ಈ ನೌಕರಿ ನನಗೆ ಸಿಕ್ಕಿದ್ದು ಗಂಗಾವತಿ ಬಸ್‌ಸ್ಟ್ಯಾಂಡಿನಲ್ಲಿ. ಅಂದು ಸಂತೆ. ಕೊಪ್ಪಳದ ಬಸ್ಸು ನಿಲ್ಲುವ ಮೊದಲೇ ಜನ ಬಾಗಿಲಿಗೆ ಮುಗಿಬಿದ್ದರು. ನಾನು ಅಕ್ಕಿ ಸ್ಯಾಂಪಲ್ಲಿನ ಚೀಲವನ್ನು ಬಗಲಲ್ಲಿ ಒತ್ತಿಕೊಂಡು, ಒಬ್ಬರ ತೋಳಿನ ಕೆಳಗೆ ಬಗ್ಗಿ, ಒಬ್ಬ ಅಜ್ಜಿಯ ಬುಟ್ಟಿಗೆ ಸುತ್ತು ಹಾಕಿ, ಕಿಟಕಿ ಪಕ್ಕದ ಸೀಟು ಹಿಡಿದೆ. ಕೂತು ನೋಡಿದರೆ, ವಿರೂಪಾಪುರಗಡ್ಡೆಯಲ್ಲಿ ರಜೆ ಕಳೆದು ಹೊರಟಿದ್ದ ಅಮೆರಿಕದವನೊಬ್ಬ ಕೆಳಗೆ ನಿಂತು ನನ್ನನ್ನೇ ದಿಟ್ಟಿಸುತ್ತಿದ್ದ. ಪಾಪ, ಅವನು ಹತ್ತಲಾಗದೆ ಬೆಳಗಿನಿಂದ ಬಸ್ಸುಗಳನ್ನು ಬಿಡುತ್ತಲೇ ಇದ್ದನಂತೆ. ಸೀಟಿಗಾಗಿ ಜಗಳಕ್ಕೆ ಬಂದಿದ್ದಾನೆ ಅಂದುಕೊಂಡು "ನೀವೇ ಕೂಡ್ರಿ ಸರ್" ಎಂದು ಎದ್ದೆ. ಅವನು ಕೈಸನ್ನೆ ಮಾಡಿ, ಇಳಿ, ಮತ್ತೊಮ್ಮೆ ಹತ್ತು ಅಂದ. ಇಳಿದೆ, ಹತ್ತಿದೆ. ಚೀಲ ಬೀಳಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಅವನು ಹೈದರಾಬಾದ್ ತಂಡದ ಕೋಚ್.

ಅಲ್ಲೇ ಬಾಗಿಲಲ್ಲಿ ನನಗೆ ನೌಕರಿ ಕೊಟ್ಟದ್ದನ್ನು ಕಂಡಕ್ಟರ್ ನೋಡಿದ. ಅವನ ಹೊಟ್ಟೆ ಉರಿಯಿತು.

"ಸಾಹೇಬ್ರ, ದಿನಾ ಇಷ್ಟು ಮಂದಿ ನನ್ನ ಮ್ಯಾಲ ಬಿದ್ರೂ ಟಿಕೆಟ್ ಮಷಿನ್ ಇನ್ನೂತನ ಕೆಳಗ ಬಿದ್ದಿಲ್ರಿ. ನಂಗೂ ಒಂದು ಜಾಗಾ ನೋಡ್ರಲ್ಲ!"

ಅವ್ವನ ನಿಂಬೆಹಣ್ಣು

ಮಗ ಸಂಬಳಕ್ಕೆ ಪೆಟ್ಟು ತಿನ್ನಲು ಹೊರಟಿದ್ದಾನೆ ಎಂದು ತಿಳಿದ ಮೇಲೆ ನಮ್ಮವ್ವ ಅಳಲಿಲ್ಲ. ಹುಲಿಹೈದರದ ತನ್ನ ತವರಿಗೆ ಹೋಗಿ ಮಂತ್ರಿಸಿದ ನಿಂಬೆಹಣ್ಣು ತಂದಳು. ಕುಂಕುಮ ಹಚ್ಚಿ, ಮೆಣಸಿನಕಾಯಿ ಜೊತೆ ದಾರಕ್ಕೆ ಪೋಣಿಸಿ ನನ್ನ ಸೊಂಟಕ್ಕೆ ಕಟ್ಟಿದಳು.

ಮೊದಲನೇ ಪಂದ್ಯದಲ್ಲೇ ಎದುರು ತಂಡದ ಒಬ್ಬ ಧಡೂತಿ ಆಳು ನನ್ನ ಸೊಂಟಕ್ಕೆ ಕೈಹಾಕಿದ. ದಾರ ಹರಿದು ನಿಂಬೆಹಣ್ಣು ಅವನ ಅಂಗೈಗೆ ಬಂತು. ಅವನು ಕುಂಕುಮ ನೋಡಿದ, ಮೆಣಸಿನಕಾಯಿ ನೋಡಿದ, ಚೀರಿ ಒಗೆದ. ಅದು ಉರುಳಿಕೊಂಡು ಹೋಗಿ ಉಳಿದವರ ಮುಂದೆ ನಿಂತಿತು. ಉತ್ತರದವರು, ದಕ್ಷಿಣದವರು, ಎಲ್ಲ ಕಡೆಯವರೂ ಆ ತಂಡದಲ್ಲಿದ್ದರು. ಒಬ್ಬನೇ ಒಬ್ಬನೂ ಅದನ್ನು ದಾಟಲಿಲ್ಲ. ನಾನು ತೋಟದಲ್ಲಿ ಅಡ್ಡಾಡಿದ ಹಾಗೆ ಹೋಗಿ ಗೆರೆ ಮುಟ್ಟಿ ಬಂದೆ.

ಕೋಚ್ ಕುಣಿದಾಡಿಬಿಟ್ಟ. ಮುಂದಿನ ಪಂದ್ಯಕ್ಕೆ ನಮ್ಮ ತಂಡಕ್ಕೆಲ್ಲ ನಿಂಬೆಹಣ್ಣು ಕಟ್ಟಿಸಿದ. ಆದರೆ ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಅವರಿಗೂ ತಾಯಂದಿರು ಇರುತ್ತಾರಲ್ಲ! ಮೊದಲನೇ ಹಣಾಹಣಿಗೇ ಎರಡೂ ಕಡೆಯ ದಾರ ಹರಿದು ಮೈದಾನದ ತುಂಬ ನಿಂಬೆಹಣ್ಣು. ಯಾರೂ ಹೆಜ್ಜೆ ಕಿತ್ತಿಡಲಿಲ್ಲ. ರೆಫ್ರಿ ಸೀಟಿ ಊದಿದ, ಆದರೆ ದೂರದಲ್ಲೇ ನಿಂತು ಊದಿದ. ಕೊನೆಗೆ ಕೋಚ್ ಒಬ್ಬನೇ ಹೋಗಿ ಎಲ್ಲವನ್ನೂ ಆರಿಸಿ ತಂದು, ಶರಬತ್ತು ಮಾಡಿಸಿ ಕುಡಿದ. ಮರುದಿನ ಅವನಿಗೆ ಜ್ವರ.

ಅವ್ವನಿಗೆ ಫೋನ್ ಮಾಡಿ ಹೇಳಿದೆ. "ಜ್ವರ ಬರ್ದ ಏನಾಗ್ತೈತಿ? ಮಂತ್ರಿಸಿದ್ದಕ್ಕ ಸಕ್ರಿ ಹಾಕ್ತಾರೇನು?" ಅಂದಳು.

ಸುಳಿ ನೋಡಿದರು

ಕುಷ್ಟಗಿ ಕಡೆಯ ಒಂದು ಹಳ್ಳಿಗೆ ಹೆಣ್ಣು ನೋಡಲು ಹೋದೆವು. ಹುಡುಗಿ ಚಹಾ ತಂದಿಟ್ಟು ನನ್ನನ್ನು ಒಮ್ಮೆ ನೋಡಿ, ನನ್ನ ಊದಿದ ಮೂಗನ್ನು ಇನ್ನೊಮ್ಮೆ ನೋಡಿ, ಸೆರಗಿನಲ್ಲಿ ನಕ್ಕಳು. ಮೈದಾನದಲ್ಲಿ ಎಷ್ಟೋ ಜನ ನನ್ನನ್ನು ಕೆಡವಿದ್ದಾರೆ. ಇಷ್ಟು ಸಲೀಸಾಗಿ ಯಾರೂ ಕೆಡವಿರಲಿಲ್ಲ. ಮದುವೆಯಾದರೆ ಇವಳನ್ನೇ ಅಂತ ಆ ಕ್ಷಣವೇ ನಿಶ್ಚಯಿಸಿದೆ.

ಆದರೆ ನಿಶ್ಚಯ ಮಾಡಬೇಕಾದವರು ಅವಳಪ್ಪ.

"ಹುಡುಗ ಏನ್ ಮಾಡ್ತಾನ್ರಿ?" ಎಂದು ಅವರು ಕೇಳಿದರು.

"ಓಡ್ತಾನ್ರಿ," ಅಂದ ನನ್ನ ಸೋದರಮಾವ.

"ಯಾಕ್ರಿ?"

"ಹನ್ನೊಂದು ಮಂದಿ ಹಿಡಿಯಾಕ ಬರ್ತಾರ್ರಿ."

"ಅವರಿಗೇನ್ ಮಾಡ್ಯಾನ?"

"ಏನೂ ಮಾಡಿಲ್ರಿ. ಇವನ ಕೈಯಾಗ ಚೆಂಡು ಇರ್ತೈತಲ್ಲ, ಅದು ಬೇಕು ಅವರಿಗೆ."

"ಹಂಗಾರ ಕೊಟ್ಟುಬಿಡಂತ ಹೇಳ್ರಿ! ಒಂದು ಚೆಂಡಿಗೆ ಇಷ್ಟು ಮಂದಿ ವೈರ ಯಾಕ್ರಿ?"

ಒಳಗಿನಿಂದ ಹುಡುಗಿಯ ನಗು ಕೇಳಿತು. ನನ್ನ ಕಿವಿ ಕೆಂಪಾಯಿತು.

ಹುಡುಗಿಯ ಅಪ್ಪ ಎತ್ತುಗಳ ಪಾರಖಿ. ಸುತ್ತಲಿನ ಊರಿನವರು ಎತ್ತು ಕೊಳ್ಳುವಾಗ ಅವರನ್ನೇ ಕರೆದೊಯ್ಯುತ್ತಿದ್ದರು. ನನ್ನ ಟೋಪಿ ತೆಗೆಸಿ ನೆತ್ತಿಯ ಸುಳಿ ನೋಡಿದರು. ತೊಡೆ ಮುಟ್ಟಿ ನೋಡಿದರು. ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಸಿದರು.

"ಸುಳಿ ಅಡ್ಡಿಯಿಲ್ಲ. ತೊಡೀನೂ ಛಲೋ ಅದಾವ. ಆದ್ರ ಓಡೋದನ್ನ ನಾನು ಕಣ್ಣಾರೆ ನೋಡಬೇಕು. ಮನಸಿಗೆ ಬಂದ್ರ ಹೆಣ್ಣು ಕೊಡ್ತೀನಿ. ಬರಲಿಲ್ಲಂದ್ರ ಅಕ್ಕಿ ಅಂಗಡಿ ಇಟ್ಕೊಂಡು ಬಾ, ಆವಾಗ ನೋಡೂಣು."

ಹೊರಗೆ ಬಂದ ಮೇಲೆ ಸೋದರಮಾವ ನಿಟ್ಟುಸಿರು ಬಿಟ್ಟ. "ಪುಣ್ಯಾಕ ಹಲ್ಲು ನೋಡಲಿಲ್ಲೋ ಮಾರಾಯಾ. ನಿನ್ನವು ಎರಡು ಹೋಗ್ಯಾವಲ್ಲ!"

ಬಿಳಿಯೋ ಕೆಂಪೋ

ನಾನು ಕೋಚ್‌ನ ಕೈಕಾಲು ಹಿಡಿದು ಕುಷ್ಟಗಿಯಲ್ಲಿ ಒಂದು ಪ್ರದರ್ಶನ ಪಂದ್ಯ ಇಡಿಸಿದೆ. ಅದು ಬಿದ್ದದ್ದು ಕಾರಹುಣ್ಣಿಮೆಯ ಮಾರನೇ ದಿನ. ನಮ್ಮ ಕಡೆ ಕಾರಹುಣ್ಣಿಮೆಗೆ ಊರಬಾಗಿಲಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟಿ ಎತ್ತು ಓಡಿಸುತ್ತಾರೆ. ಆ ಹಗ್ಗವೇ ಕರಿ. ಬಿಳಿ ಎತ್ತು ಮೊದಲು ಹರಿದರೆ ಆ ವರ್ಷ ಹತ್ತಿ, ಜೋಳದಂಥ ಬಿಳಿ ಬೆಳೆ ಛಲೋ. ಕೆಂಪು ಎತ್ತು ಹರಿದರೆ ತೊಗರಿಯಂಥ ಕೆಂಪು ಬೆಳೆ. ಆ ವರ್ಷ ಹುಡುಗಿಯ ಊರಿನಲ್ಲಿ ಎರಡೂ ಎತ್ತು ಅರ್ಧ ದಾರಿಗೆ ಹೊಳ್ಳಿ ಮನೆಗೆ ಹೋಗಿ ಮಲಗಿಬಿಟ್ಟಿದ್ದವು. ಟ್ರ್ಯಾಕ್ಟರ್ ಬಂದ ಮೇಲೆ ಅವಕ್ಕೂ ಸೊಕ್ಕು. ಏನು ಬಿತ್ತಬೇಕೆಂದು ತಿಳಿಯದೆ ಊರೇ ಕಂಗಾಲು.

ಪಂದ್ಯಕ್ಕೆ ಊರಿಗೆ ಊರೇ ಟೆಂಪೋದಲ್ಲಿ ಬಂತು. ನಮ್ಮ ತಂಡದ ಅಂಗಿ ಬಿಳಿ, ಎದುರಿನವರದು ಕೆಂಪು. ಹಿರಿಯರು ಮುಖ ಮುಖ ನೋಡಿಕೊಂಡರು. ಟೆಂಪೋದಿಂದ ಹರಿಯದೆ ಉಳಿದ ಕರಿ ಇಳಿಯಿತು. ಅದನ್ನು ಎರಡು ತುಂಡು ಮಾಡಿ, ಎರಡೂ ತುದಿಯ ಗೆರೆಗೆ ಅಡ್ಡ ಕಟ್ಟಿದರು. ಕೋಚ್ ಅದನ್ನು ಸ್ವಾಗತದ ತೋರಣ ಅಂದುಕೊಂಡು ಕೈಮುಗಿದು ಫೋಟೋ ತೆಗೆಸಿಕೊಂಡ.

ಹುಡುಗಿಯ ಅಪ್ಪ ನನ್ನ ಕಿವಿಯಲ್ಲಿ ಹೇಳಿದರು: "ಹತ್ತಿ ಬೀಜ ತಂದಿಟ್ಟೀನಪಾ. ಬಿಳೀನ ಹರೀಬೇಕು. ತಿಳೀತಿಲ್ಲೋ?"

ತಿಳಿಯದೆ ಏನು? ಹತ್ತಿಯ ಜೊತೆ ನನ್ನ ಮದುವೆಯೂ ಆ ಹಗ್ಗಕ್ಕೆ ನೇತಾಡುತ್ತಿತ್ತು. ನಾನು ಜೀವಮಾನದಲ್ಲಿ ಹಾಗೆ ಓಡಿರಲಿಲ್ಲ. ಹಿಂದಿನ ದಿನ ಮಳೆ ಬಿದ್ದು ಮೈದಾನ ಕೆಸರಾಗಿತ್ತು. ಬಿದ್ದೆ, ಎದ್ದೆ, ಹೊರಳಾಡಿದೆ, ಮತ್ತೆ ಎದ್ದೆ. ಕೊನೆಗೆ ಇಬ್ಬರನ್ನು ಬೆನ್ನಿಗೆ ಹಾಕಿಕೊಂಡೇ ಹೋಗಿ ಎದೆಯಿಂದ ಕರಿ ಹರಿದೆ. ಹಗ್ಗ ಕೊರಳಿಗೆ ಸುತ್ತಿಕೊಂಡಿತು. ಊರವರು ಹೋ ಎಂದು ಕೂಗಿ ಓಡಿಬಂದರು. ಬಂದವರು ಹಾಗೇ ನಿಂತರು.

ಕುಷ್ಟಗಿಯ ಮಸಾರಿ ಮಣ್ಣು ಮೆತ್ತಿ ನಾನು ತಲೆಯಿಂದ ಪಾದದವರೆಗೆ ಕೆಂಪಗಾಗಿದ್ದೆ.

"ಕೆಂಪು ಹರದೈತಿ! ತೊಗರಿ!" ಎಂದು ಅರ್ಧ ಊರು ಕೂಗಿತು. "ಬಿಳಿ! ಹತ್ತಿ!" ಎಂದು ಉಳಿದರ್ಧ. ಹುಡುಗಿಯ ಅಪ್ಪ ತಲೆಯ ಮೇಲೆ ಕೈಹೊತ್ತು ನಿಂತರು. ನನ್ನ ಎದೆ ಒಡೆದುಹೋಯಿತು. ಇನ್ನು ಅಕ್ಕಿ ಅಂಗಡಿಯೇ ಗತಿ ಅಂದುಕೊಂಡೆ.

ಆಗ ಹೆಂಗಸರ ಗುಂಪಿನಿಂದ ಅವಳ ದನಿ ಬಂತು: "ಯಪ್ಪಾ, ತೊಳದು ನೋಡ್ರಲ್ಲ!"

ಟೆಂಪೋದಲ್ಲಿದ್ದ ಕುಡಿಯುವ ನೀರಿನ ಕೊಡಗಳೆಲ್ಲ ನನ್ನ ಮೇಲೆ ಖಾಲಿಯಾದವು. ಒಬ್ಬ ತೆಂಗಿನ ನಾರಿನಿಂದ ಬೆನ್ನು ಉಜ್ಜಿದ. ಒಳಗಿನಿಂದ ಬಿಳಿ ಕಂಡಿತು. ಹುಡುಗಿಯ ಅಪ್ಪ ಹಲಗೆಯ ಸದ್ದಿಗೆ ಕುಣಿದರು. ಗೆದ್ದ ಎತ್ತಿಗೆ ಮರ್ಯಾದೆ ಆಗಬೇಕಲ್ಲ? ಕುಂಕುಮ ಹಚ್ಚಿದರು, ಹೆಲ್ಮೆಟ್ಟಿಗೆ ಗೊಂಡೆ ಕಟ್ಟಿದರು. ಇಬ್ಬರು ನನ್ನ ದವಡೆ ಅಗಲಿಸಿ ಹಿಡಿದರು. ಎತ್ತುಗಳಿಗೆ ಕುಡಿಸುವ ಬಿದಿರಿನ ಗೊಟ್ಟದಿಂದ ಎಣ್ಣೆ, ಅರಿಶಿನ, ಹಸಿ ತತ್ತಿ ಎಲ್ಲ ಗಂಟಲಿಗೆ ಇಳಿಸಿದರು. ಕೋಚ್ ಓಡಿಬಂದು, ಇದನ್ನು ತಂಡಕ್ಕೆಲ್ಲ ಕೊಡಿಸಬಹುದೇ ಎಂದು ಕೇಳಿದ.

ಹುಡುಗಿಯ ಅಪ್ಪ ನನ್ನ ಬೆನ್ನು ತಟ್ಟಿ ಊರಿಗೆಲ್ಲ ಕೇಳುವಂತೆ ಹೇಳಿದರು: "ಹೆಣ್ಣು ಕೊಟ್ಟೆ!"

ನನಗೆ ಮಾತಾಡಲು ಬಾಯಿ ಎಲ್ಲಿತ್ತು, ಅದರಲ್ಲಿ ಗೊಟ್ಟವಿತ್ತು. ಹುಡುಗಿ ಮುಂದೆ ಬಂದಳು. ನನ್ನ ಕೊರಳಲ್ಲಿ ಇನ್ನೂ ಜೋತಾಡುತ್ತಿದ್ದ ಬೇವಿನ ಹಗ್ಗವನ್ನು ನೋಡಿದಳು.

"ಯಪ್ಪಾ, ಎತ್ತು ಪಾಸಾತಿಲ್ಲೋ? ಹಂಗಾರ ಆ ಹಗ್ಗ ಇನ್ನ ನನ್ನ ಕೈಯಾಗ ಕೊಡ್ರಿ."