ಐವತ್ತು ಲೀಟರ್ ಚುರುಮುರಿ ಹಿಡಿದ ಬೆನ್ನುಚೀಲ

“ಬೆನ್ನುಚೀಲದ ಭಾರವನ್ನು ಹೊರುವುದು ಹೆಗಲಲ್ಲ, ಸೊಂಟ.” ಗುಡ್ಡ ಹತ್ತುವವರಿಗೆ ಚೀಲ ಮಾರುವವರು, ಮೊಬೈಲಿನಲ್ಲಿ ಅದರ ಪಾಠ ಹೇಳುವವರು, ಜನ್ಮದಲ್ಲಿ ಒಂದು ಗುಡ್ಡವನ್ನೂ ಹತ್ತದೆ ಕಟ್ಟೆಯ ಮೇಲೆ ಕುಳಿತು ಸಲಹೆ ಕೊಡುವವರು, ಎಲ್ಲರೂ ಈ ಮಾತನ್ನು ಒಂದೇ ಧಾಟಿಯಲ್ಲಿ ಹೇಳುತ್ತಾರೆ. ಎಲ್ಲರೂ ಒಂದೇ ಧಾಟಿಯಲ್ಲಿ ಹೇಳುವ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ಅನುಮಾನ. ನಾನು ಶಾಲೆ ಕಲಿತದ್ದು ಏಳನೆಯ ಇಯತ್ತೆಯವರೆಗೆ. ಮುಂದಿನದನ್ನು ವಾಚನಾಲಯದ ಬೆಂಚು ಕಲಿಸಿತು. ಮಿಕ್ಕದ್ದನ್ನು ಗೋವೆಯ ಫೋಂಡಾದ ಸಣ್ಣ ಕಾರಖಾನೆಯೊಂದರ ಉಗ್ರಾಣ ಕಲಿಸಿತು. ಪೆಟ್ಟಿಗೆಯ ಮೇಲೆ ನೂರು ಬೋಲ್ಟು ಎಂದು ಬರೆದಿದ್ದರೆ ಎಣಿಸದೆ ಒಳಗೆ ಬಿಟ್ಟುಕೊಂಡ ಸ್ಟೋರ್ ಕೀಪರ್ ನಾನಲ್ಲ. ನಿವೃತ್ತನಾದ ಮೇಲೆ ಬೋಲ್ಟುಗಳಿಲ್ಲ. ಆದ್ದರಿಂದ ಜನರ ಮಾತುಗಳನ್ನು ಎಣಿಸಿ ನೋಡುತ್ತೇನೆ.

ಹೆಗಲಿನ ಪರವಾಗಿ ನನ್ನಲ್ಲಿ ಸ್ವಂತ ಅನುಭವದ ಆಧಾರವೂ ಇತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಸುಶೀಲಾಳನ್ನು ಧಾರವಾಡದಿಂದ ಗೋವೆಗೆ ಕರೆತರುವಾಗ ಘಟ್ಟದಲ್ಲಿ ಮರ ಬಿದ್ದು ದಾರಿ ಕಟ್ಟಿತ್ತು. ಬಸ್ಸು ಅಲ್ಲಿಯೇ ನಿಂತಿತು. ನಾನು ಬಲ ಹೆಗಲ ಮೇಲೆ ಹಾಸಿಗೆಯ ಸುರುಳಿಯನ್ನೂ ಎಡ ಹೆಗಲ ಮೇಲೆ ಅವಳ ತವರಿನ ತಗಡಿನ ಟ್ರಂಕನ್ನೂ ಇಟ್ಟುಕೊಂಡು, ಅವಳನ್ನು ಮುಂದೆ ಬಿಟ್ಟುಕೊಂಡು, ಸಂಜೆಯ ಹೊತ್ತಿಗೆ ಘಟ್ಟದ ಬುಡದ ಊರು ವಾಳಪೈ ಮುಟ್ಟಿದೆ. ಈ ವೃತ್ತಾಂತವನ್ನು ನಮ್ಮ ಬಳಗದ ಯಾವ ಮದುವೆಯ ಪಂಕ್ತಿಯೂ ತಪ್ಪಿಸಿಕೊಂಡಿಲ್ಲ. ನಾನು ಹೇಳುವಾಗ ಸುಶೀಲಾ ಸುಮ್ಮನೆ ತಲೆ ತಗ್ಗಿಸಿ ಎಲೆಗೆ ಅನ್ನ ಬಡಿಸುತ್ತಿದ್ದಳು. ಅದನ್ನು ನಾನು ಅಭಿಮಾನವೆಂದೇ ತಿಳಿದಿದ್ದೆ.

ಆ ಸುಶೀಲಾ ಕಳೆದ ತಿಂಗಳು, ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಬೆಳಗಿನ ಚಹಾದ ಜೊತೆ ಒಂದು ಸುದ್ದಿ ತಂದಿಟ್ಟಳು.

“ನಾವು ಆರು ಮಂದಿ ಹೊಂಟೇವ್ರಿ. ವಾಳಪೈಯಿಂದ ಘಟ್ಟ ಹತ್ತೂದು, ನಾಲ್ಕು ದಿವಸ. ನನಗೊಂದು ಚಲೋ ಬ್ಯಾಗ್ ಆರಿಸಿ ಕೊಡ್ರಿ.”

ಆರು ಮಂದಿ ಎಂದರೆ ದಿನಾ ನಸುಕಿನಲ್ಲಿ ಜೊತೆಗೂಡಿ ನಡೆಯುವ ಹೆಂಗಸರು. ಧಾರವಾಡದ ಕಡೆಯ ಕಮಲಕ್ಕ ಅವರ ಮುಂದಾಳು. ಘಟ್ಟ ಈಗೇಕೆ ಎಂದು ಕೇಳಿದೆ.

“ಆವತ್ತು ಬರೇ ಇಳದದ್ದು. ಒಮ್ಮೆ ಹತ್ತಿ ನೋಡಬೇಕಂತ ಅವತ್ತಿಂದ ಮನಸ್ಸಿನಾಗ ಐತಿ.”

“ನಾನೂ ಬರ್ತೇನಿ.”

“ನಿಮ್ಮ ಮೊಣಕಾಲಿಗೆ ಮಾರ್ಕೆಟಿನ ಮೆಟ್ಟಲೇ ಘಟ್ಟ ಆಗ್ಯಾವು. ನೀವು ಬ್ಯಾಗ್ ನೋಡ್ರಿ, ಸಾಕು.”

ಹೀಗೆ ನಾನು ಮತ್ತೆ ಸ್ಟೋರ್ ಕೀಪರನಾದೆ. ಫೋಂಡಾದ ಅಂಗಡಿಯಾತ ಸಂಭಾವಿತ ಗೋವೇಕಾರ, ಹಿಂದಿಯಲ್ಲಿ ಮೊದಲು ಕೇಳಿದ್ದೇ, “ಕಾಕಾ, ಅವರ ಬೆನ್ನಿನ ಉದ್ದ ಎಷ್ಟು?” ಎಂದು. ಅವಳು ಸಾರಿಗೆ ಹಾಕುವ ಉಪ್ಪಿನ ಅಂದಾಜು ನನಗೆ ಗೊತ್ತು. ಯಾವ ಮಾತಿಗೆ ಎಷ್ಟು ದಿನ ಮುನಿಸು ಎಂಬುದೂ ಗೊತ್ತು. ಬೆನ್ನಿನ ಉದ್ದ ಗೊತ್ತಿರಲಿಲ್ಲ. ಎತ್ತರ ಹೇಳಿದರೆ ನಡೆಯದಂತೆ. ಕತ್ತು ಬಗ್ಗಿಸಿದಾಗ ಉಬ್ಬುವ ಎಲುಬಿನಿಂದ ಟೊಂಕದ ಎಲುಬಿನ ಮಟ್ಟದವರೆಗೆ ಅಳೆದು ತರಬೇಕಂತೆ.

ಮನೆಗೆ ಬಂದು ಹೊಲಿಗೆ ಮಷಿನ್ನಿನ ಡ್ರಾಯರಿನಿಂದ ಟೇಪು ತೆಗೆದೆ. ಸುಶೀಲಾ ಕಿಟಕಿಯ ಕಡೆ ಮುಖ ಮಾಡಿ ತಲೆ ಬಗ್ಗಿಸಿ ನಿಂತಳು. ಎಲುಬು ಹುಡುಕುತ್ತ ನನ್ನ ಬೆರಳು ಅವಳ ಕತ್ತಿನ ಹಿಂದೆ ನಿಂತಿತು. ಅಲ್ಲಿಯ ಕೂದಲೆಲ್ಲ ಬೆಳ್ಳಗಾಗಿತ್ತು. ಎದುರಿನಿಂದ ನೋಡುವವನಿಗೆ ಅದು ಕಾಣುವುದಿಲ್ಲ. ಬಲಗಡೆ ಎಳ್ಳಿನಷ್ಟು ಮಚ್ಚೆ. ಅದು ಮೊದಲೇ ಇತ್ತೋ ಈಚೆಗೆ ಬಂದದ್ದೋ ನನಗೆ ತಿಳಿಯದು. ನಲವತ್ತು ವರ್ಷ ದಾಟಿದ ಸಂಸಾರದಲ್ಲಿ ಇಷ್ಟು ದೊಡ್ಡ ದಾಸ್ತಾನು ಪರಿಶೀಲನೆಯಿಲ್ಲದೆ ಉಳಿದಿತ್ತು.

“ಎಷ್ಟೊತ್ತರೀ? ಬ್ಲೌಸ್ ಹೊಲಿಯಾವನೂ ಇಷ್ಟ್ ಹೊತ್ತು ಹಚ್ಚೂದಿಲ್ಲ.”

“ಎರಡು ಸರ್ತಿ ಅಳೀಬೇಕು,” ಎಂದೆ. ಮೂರು ಸಲ ಅಳೆದೆ. ನಲವತ್ಮೂರು ಸೆಂಟಿಮೀಟರ್.

ಆ ಅಳತೆಗೆ ಸರಿಯಾದ ಚೀಲವೊಂದನ್ನು, ಒಪ್ಪಿಗೆಯಾಗದಿದ್ದರೆ ಮರಳಿಸುವ ಮಾತಿನ ಮೇಲೆ, ಮನೆಗೆ ತಂದೆ. ಹಸಿರು ಬಣ್ಣ, ಸೊಂಟಕ್ಕೆ ದಪ್ಪ ಪಟ್ಟಿ, ಮೇಲೆ ‘ಐವತ್ತು ಲೀಟರ್’ ಎಂಬ ಬರಹ. ಬರೆದವರು ಅಳೆದಿದ್ದಾರೆಂದು ನಂಬುವುದು ಹೇಗೆ? ನೀರು ಹಾಕಿ ನೋಡುವಂತಿಲ್ಲ. ಜೋಳ ಹಾಕಿದರೆ ಎತ್ತುವವರು ಯಾರು? ವಿಚಾರ ಮಾಡಿ ಗದಗಿನವರೊಬ್ಬರ ಅಂಗಡಿಯಿಂದ ಒಂದು ಮೂಟೆ ಚುರುಮುರಿ ತರಿಸಿದೆ. ನಡುಮನೆಯಲ್ಲಿ ಚೀಲವನ್ನು ಗೋಡೆಗಾನಿಸಿ, ಹಾಲಿನ ಲೀಟರ್ ಮಾಪಿನಿಂದ ಅಳೆದು ಅಳೆದು ಸುರಿದೆ. ನಲವತ್ತನಾಲ್ಕಕ್ಕೆ ಬಾಯಿ ತುಂಬಿತು. ಆ ಹೊತ್ತಿಗೇ ಕಮಲಕ್ಕ ಬಾಗಿಲಲ್ಲಿ ನಿಂತಿದ್ದರು.

“ಅಣ್ಣಾರ, ಸುಶೀಲಾನ್ನ ಗುಡ್ಡಕ್ಕ ಕಳಸಾಕತ್ತೀರೋ, ಚುರುಮುರಿ ಕಲಸಿ ಗಿರಮಿಟ್ ಮಾರಾಕ ಕಳಸಾಕತ್ತೀರೋ?”

ನಾನು ಮಾಪನ್ನು ಕೆಳಗಿಟ್ಟು ನೇರ ಚೀಲದ ಅಂಗಡಿಗೆ ಹೋದೆ. ಆರು ಲೀಟರ್ ಎಲ್ಲಿ ಎಂದು ಕೇಳಿದೆ. ಹೊರಗಿನ ಜೇಬುಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ ಕಾಕಾ ಎಂದ. ಮನೆಗೆ ಬಂದು ಇನ್ನಾರು ಲೀಟರ್ ಅಳೆದು ಜೇಬುಗಳಿಗೂ ತುಂಬಿದೆ. ಒಂದು ಹಿಡಿ ಮಾತ್ರ ಉಳಿಯಿತು. ಚೀಲ ಪ್ರಾಮಾಣಿಕವಾಗಿತ್ತು. ಇದರಿಂದ ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅದರ ಬಕಲ್ ಸಡಿಲವೆಂದು ಮರಳಿಸಿದೆ. ಎರಡನೆಯದರ ಜಿಪ್ಪು ಬಿಗಿಯೆಂದು ಮರಳಿಸಿದೆ. ಮೂರನೆಯದರಲ್ಲಿ ತಪ್ಪೇನೂ ಸಿಗದೆ ಎರಡು ದಿನ ಕಷ್ಟಪಟ್ಟೆ. ಕೊನೆಗೆ, ರೊಟ್ಟಿಯ ಡಬ್ಬಿ ಇದರಲ್ಲಿ ಅಡ್ಡಡ್ಡ ಮಲಗುವುದರಿಂದ ಖಡಕ್ ರೊಟ್ಟಿ ಮುರಿಯುವುದೆಂಬ ಕಾರಣಕ್ಕೆ ಅದನ್ನೂ ಮರಳಿಸಿದೆ. ಅಷ್ಟರಲ್ಲಿ ಗುರುವಾರವಾಗಿತ್ತು. ಶನಿವಾರ ಬೆಳಿಗ್ಗೆ ಅವರು ಹೊರಡುವವರು.

ಸುಶೀಲಾ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸದೆಯೇ ಹೇಳಿದಳು.

“ನೀವು ಬ್ಯಾಗ್ ಆರಸಾಕತ್ತಿಲ್ಲ. ನಾ ಹೋಗೂದನ್ನ ತಡ್ಯಾಕತ್ತೀರಿ.”

ಇಲ್ಲವೆನ್ನಲು ಬಾಯಿ ತೆರೆದೆ. ನಾಲ್ಕು ದಿನ ಈ ಮನೆಯಲ್ಲಿ ಒಬ್ಬನೇ ಇರುವುದನ್ನು ನಾನು ಇದುವರೆಗೆ ಅಳೆದು ನೋಡಿರಲಿಲ್ಲ. ಘಟ್ಟದ ತಿರುವಿನಲ್ಲಿ ಅವಳ ಕಾಲು ಜಾರಿದರೆ ಎಂಬ ಭಯವೂ ಇತ್ತು. ಅದನ್ನೆಲ್ಲ ಹೇಳುವ ಬದಲು ಹೆಗಲಿನ ಸಿದ್ಧಾಂತವನ್ನೇ ಮುಂದೆ ಮಾಡಿದೆ. “ಭಾರ ಎಲ್ಲಾ ಹೆಗಲಿಗೇ ಬರ್ತೈತಿ. ನನಗ ಅನುಭವ ಐತಿ. ಆವತ್ತು ನಿನ್ನ ಟ್ರಂಕು—”

“ಟ್ರಂಕು ಯಾರು ಹೊತ್ತಿದ್ರು?”

“ನಾನು. ಎಡ ಹೆಗಲ ಮ್ಯಾಲೆ,” ಎಂದೆ.

“ಎರಡು ತಿರುವು ನೀವು ಹೊತ್ರಿ, ಖರೇ. ಆಮ್ಯಾಲೆ ಹೆಗಲು ಬಾತು ಕುಂತಬಿಟ್ರಿ. ನಾ ಹಳೇ ಸೀರಿ ಮಡಚಿ ಟೊಂಕಕ್ಕ ಬಿಗದು ಸುತ್ತಿಗೊಂಡು, ಅದರ ಮ್ಯಾಲೆ ಟ್ರಂಕು ಕುಂದ್ರಿಸಿಕೊಂಡು ವಾಳಪೈತನಕ ಬಂದೆ. ತವರಾಗ ಕೊಡ ಹೊತ್ತಾಕಿಗೆ ಅದೇನು ಹೊಸಾದಲ್ಲ. ಹಾಸಿಗಿ ಸುರುಳಿ ಇಬ್ಬರೂ ಕೂಡಿ ಹಿಡದಿದ್ವಿ.”

“ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ?”

“ನೀವು ಭಾಳ ಚಂದ ಹೇಳ್ತಿದ್ರಿ.”

ಜಗತ್ತಿನ ವದಂತಿಗಳ ಬೇರು ಹುಡುಕಿಕೊಂಡು ನಡೆದವನಿಗೆ, ಮನೆಯಲ್ಲಿ ಬಳಕೆಯಲ್ಲಿದ್ದ ಏಕೈಕ ದಂತಕಥೆಯ ಕರ್ತೃ ತಾನೇ ಎಂದು ತಿಳಿಯುವುದು ಕಷ್ಟದ ಸಂಗತಿ. ಆದರೂ ಅಭ್ಯಾಸ ಬಿಡುವುದಿಲ್ಲ. ಅದಕ್ಕೆ ಆಧಾರವೇನು ಎಂದು ಕೇಳಿಯೇಬಿಟ್ಟೆ. ಅವಳು ಕೈತೊಳೆದು ಒಳಗೆ ಹೋದಳು.

ಶುಕ್ರವಾರ ನಾನೇ ಅಂಗಡಿಗೆ ಹೋಗಿ ಹಸಿರು ಚೀಲವನ್ನು ಮರಳಿ ಕೇಳಿದೆ. ಅಂಗಡಿಯಾತ ಅದನ್ನು ಮೂಲೆಯಲ್ಲಿ ಎತ್ತಿಟ್ಟಿದ್ದ. ಒಳಗೆ ಕೈ ಹಾಕಿದವರಿಗೆಲ್ಲ ಚುರುಮುರಿ ಸಿಗುತ್ತಿದ್ದುದರಿಂದ ಬೇರೆ ಯಾರಿಗೂ ತೋರಿಸುವಂತಿರಲಿಲ್ಲವಂತೆ. ಶನಿವಾರ ಅವಳ ಬೆನ್ನಿಗೆ ಅದನ್ನು ಏರಿಸಿ, ಸೊಂಟದ ಪಟ್ಟಿಯ ಬಕಲ್ ನಾನೇ ಹಾಕಿದೆ. ಸಡಿಲವಿರಲಿಲ್ಲ. ಪಟ್ಟಿ ಬಿಗಿದ ಕೂಡಲೇ ಚೀಲ ಹೆಗಲಿನಿಂದ ಒಂದು ಬೆರಳು ಮೇಲೆದ್ದು ಸೊಂಟದ ಮೇಲೆ ಕುಳಿತದ್ದನ್ನು ಕಣ್ಣಾರೆ ಕಂಡೆ. “ಸಾವಕಾಶ ಹತ್ತು,” ಎಂದೆ. “ಚಹಾಪುಡಿ ಎಡಗಡಿ ಡಬ್ಬಿಯೊಳಗ ಐತಿ,” ಎಂದಳು.

ಇದನ್ನು ಬರೆಯುವಾಗ ಅವಳು ಹೋಗಿ ಎರಡನೆಯ ದಿನ. ಆಧಾರ ಕೇಳಿದ್ದೆನಲ್ಲ, ಅದು ಈಗ ನನ್ನ ಮೇಜಿನ ಮೇಲಿದೆ. ಟ್ರಂಕಿನ ತಳದ ಕಾಗದದ ಕೆಳಗಿನಿಂದ ಅವಳು ತೆಗೆದುಕೊಟ್ಟದ್ದು: ವಾಳಪೈಯ ದವಾಖಾನೆಯ ಹಳದಿಯಾದ ಚೀಟಿ. ನನ್ನ ಹೆಸರು, ಎಡ ಹೆಗಲಿಗೆ ಬಾವು, ಹಚ್ಚಲು ಮುಲಾಮು, ಮೂರು ದಿನ ಭಾರ ಎತ್ತಬಾರದು. ಕೆಳಗೆ, ರೋಗಿಯನ್ನು ಕರೆತಂದವರ ಸಹಿ ಎಂಬಲ್ಲಿ, ಕನ್ನಡದಲ್ಲಿ ದುಂಡಗೆ, ಸುಶೀಲಾ ಎಂದಿದೆ. ನನ್ನಂತೆ ಅನುಮಾನವುಳ್ಳವರು ಯಾರಾದರೂ ಬಂದು ನೋಡಬಹುದು. ಚಹಾ ನಾನೇ ಮಾಡಿಕೊಡುತ್ತೇನೆ. ಜೊತೆಗೆ ಚುರುಮುರಿ ಬೇಕಾದಷ್ಟಿದೆ.