ನಾಗವೇಣಿಯ ಹೆಸರು ಸೇವ್ ಆಗದ ಕತೆ

ನಮ್ಮ ಸಮಾಜದ ವಧೂ-ವರರ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ನಾನಾಗೇ ಮೈಮೇಲೆ ಎಳೆದುಕೊಂಡೆ. ಶಾಲೆಯ ಗುಮಾಸ್ತನಾಗಿ ನಿವೃತ್ತನಾದವನಿಗೆ ಇದೂ ಒಂದು ಕೆಲಸವೇ! ಅಜ್ಜಂಪುರದ ನಮ್ಮ ಮನೆಯ ಪಡಸಾಲೆಯಲ್ಲಿ ದೊಡ್ಡ ಕಂಪ್ಯೂಟರು. ಪಟ್ಟಿಯೆಲ್ಲ ಅದರ ಹೊಟ್ಟೆಯಲ್ಲಿ. ಒಳಕೋಣೆಯ ಹಳೆಯದರಲ್ಲಿ ಹೆಂಡತಿ ಶಾಂತ ಟೈಪು ಮಾಡಿದ್ದು ವೈರಿನಲ್ಲಿ ಬಂದು ಇಲ್ಲಿ ಸೇರಬೇಕು. ಅವಳಿಗೆ ಅರ್ಜಿ ಓದಿ ಹೇಳಲು ಪಕ್ಕದ ಮನೆಯ ನಾಗವೇಣಿ ಬರುತ್ತಿದ್ದಳು. ಮೂವತ್ತೈದು ದಾಟಿದ, ಬಟ್ಟೆ ಹೊಲಿಯುವ, ಬಂಗಾರದಂಥ ಹುಡುಗಿ.

ಅವಳ ಅರ್ಜಿಯನ್ನು ತಾಯಿ ಗಂಗಮ್ಮನೇ ತುಂಬಿ ಕೊಟ್ಟಿದ್ದರು. ಭಾನುವಾರ ತರೀಕೆರೆಯ ಸಮಾವೇಶಕ್ಕೆ ಹೋಗುವ ಪಟ್ಟಿಯಲ್ಲಿ ಮಗಳ ಹೆಸರು ಇರಲೇಬೇಕು ಅಂತ ಕೈ ಹಿಡಿದು ಕೇಳಿಕೊಂಡರು. ನಾನು ಮಾತು ಕೊಟ್ಟೆ.

ಎಲ್ಲರ ಹೆಸರೂ ಸೇರಿತು. ನಾಗವೇಣಿಯದು ಬಂದಾಗ ಮಾತ್ರ ನನ್ನ ಪರದೆಯ ಮೇಲೆ ಕೆಂಪಕ್ಷರ: 'ಆ ಕಡೆಯ ಕಂಪ್ಯೂಟರ್ ಅನಿರೀಕ್ಷಿತವಾಗಿ ಸಂಪರ್ಕ ಕಡಿದುಕೊಂಡಿದೆ.' ಮರುದಿನ ಇನ್ನೊಂದು: 'ನೆಟ್‌ವರ್ಕ್ ಹೆಸರು ಈಗ ಲಭ್ಯವಿಲ್ಲ.' ಹೆಸರೇ ಲಭ್ಯವಿಲ್ಲವಂತೆ! ವೈರು ಬದಲಾಯಿಸಿದೆ. ಇಲಿ ಕಡಿದಿರಬೇಕೆಂದು ಬೋನಿಟ್ಟೆ. ಬಿದ್ದದ್ದು ನನ್ನ ಹೆಬ್ಬೆರಳು! ಅವಳದೇ ಯಾಕೆ ಹೀಗೆ ಅಂತ ಯೋಚಿಸಲು ನನಗೆ ಪುರುಸೊತ್ತಿರಲಿಲ್ಲ. ಕೊನೆಗೆ ಕಡೂರಿನಿಂದ ಮೆಕ್ಯಾನಿಕ್ಕನನ್ನು ಕರೆಸಿದೆ. ವೈರಿನ ತಪ್ಪಿಲ್ಲ, ಒಳಕೋಣೆಯ ಕಂಪ್ಯೂಟರಿಗೆ ಕರೆಂಟೇ ನಿಂತುಹೋಗುತ್ತಿದೆ, ಪಕ್ಕದಲ್ಲೇ ಕೂತು ನೋಡಿ ಅಂದು ಅವನು ಹೋದ.

ಶನಿವಾರ ಬೆಳಿಗ್ಗೆ ಒಳಕೋಣೆಯ ಬಾಗಿಲ ಬಳಿ ಪತ್ತೇದಾರನ ಗತ್ತಿನಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಶಾಂತ ನಾಗವೇಣಿಯ ಹೆಸರು, ವಯಸ್ಸು ಟೈಪು ಮಾಡಿ, ಕುಕ್ಕರ್ ಕೂಗಿತೆಂದು ಎದ್ದುಹೋದಳು. ನಾಗವೇಣಿ ಮೆಲ್ಲಗೆ ಕೈ ಚಾಚಿ ಸ್ವಿಚ್ ಆರಿಸಿದಳು.

ತಿರುಗಿದರೆ ನಾನು! ಅವಳ ಮುಖ ಸಣ್ಣದಾಯಿತು.

"ನಾನು ಹಿಂಗೇ ಚೆನ್ನಾಗಿದೀನಿ ಮಾಮ. ಅವ್ವಂಗೆ ಹೇಳಕ್ಕೆ ಧೈರ್ಯ ಬರ್ಲಿಲ್ಲ. ನೀವಾದ್ರೂ ನನ್ನ ಒಂದ್ ಮಾತು ಕೇಳ್ಬೌದಿತ್ತಲ್ಲ."

ವೈರನ್ನು, ಇಲಿಯನ್ನು, ಕಡೂರಿನವನನ್ನು ವಿಚಾರಿಸಿದ್ದೆ, ಎದುರಿಗಿದ್ದ ಇವಳನ್ನು ಬಿಟ್ಟು. ನಾಚಿಕೆಯಾಯಿತು. ಅರ್ಜಿಯನ್ನು ಅವಳ ಕೈಗೇ ಕೊಟ್ಟು, ನಿನ್ನ ತಾಯಿಗೆ ನಾನು ಹೇಳುತ್ತೇನೆ, ನಡಿ ಅಂದೆ.

ಗಂಗಮ್ಮ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದರು. ಹೆಸರು ಸೇರಿತಾ ಅಂತ ಕೇಳಿದರು. ಆ ಕಣ್ಣಿನ ಆಸೆ ನೋಡಿದ್ದೇ ತಡ, ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಭಾಷಣ ಹಾರಿಹೋಯಿತು.

"ನೆಟ್‌ವರ್ಕ್ ಸರಿಯಿಲ್ಲ ಕಣಮ್ಮ," ಅಂದುಬಿಟ್ಟೆ.

ನಾಗವೇಣಿ ನನ್ನನ್ನೊಮ್ಮೆ ನೋಡಿದಳು. ಆಮೇಲೆ ತಾಯಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಮೊರ ಹಿಡಿದುಕೊಂಡಳು.

"ನೆಟ್‌ವರ್ಕ್ ಸರಿಯಾಗೇ ಐತೆ ಅವ್ವ. ನಂಗೇ ಬ್ಯಾಡ."

ಅಂತೂ ನನ್ನಿಂದ ಒಂದು ಉಪಕಾರವಾಯಿತು. ನನ್ನ ಪುಕ್ಕಲುತನ ನೋಡಿ ಆ ಹುಡುಗಿಗೆ ಧೈರ್ಯ ಬಂತು!